ಕೂಗುವ ಬೆಲ್ಟ್ ಒಂದು, ಕೈಕೊಡುವ ಬೆಲ್ಟ್ ಇನ್ನೊಂದು

ಪ್ರಶ್ನೆ: ಎರಡು ವರ್ಷದ ಹಿಂದೆ ಬೆಂಗಳೂರಿನವರೊಬ್ಬರಿಂದ 2015ರ ಮಾದರಿಯ ರೆನೋ ಡಸ್ಟರ್ ಡೀಸೆಲ್ ಗಾಡಿ ಕೊಂಡೆ (85 ಪಿಎಸ್‌ನದು). ಈಗ ಮೀಟರಿನಲ್ಲಿ 94,000 ಕಿ.ಮೀ. ಇದೆ. ಮಳೆಗಾಲ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿಂದ ಕೀರಲು ಸದ್ದು ಬರುತ್ತದೆ. ಎರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಶಿರಸಿಯ ನಮ್ಮ ಮೆಕ್ಯಾನಿಕ್ ಬೆಲ್ಟಿಗೆ ಮೇಣದಬತ್ತಿ ಉಜ್ಜಿ ಕಳಿಸಿದರು. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಇನ್ನೊಬ್ಬರು ‘ಇದು ಟೈಮಿಂಗ್ ಬೆಲ್ಟ್ ಸದ್ದು, ಕೂಡಲೇ ಬದಲಿಸಿ’ ಎಂದರು. ಮೂರನೆಯವರು ಮೇಲಿನ ಕವರ್ ಬಿಚ್ಚಿ ನೋಡಿ, ‘ಒಂದು ಬಿರುಕೂ ಇಲ್ಲ, ಒಂದೂವರೆ ಲಕ್ಷದವರೆಗೆ ಯೋಚನೆ ಬೇಡ’ ಎಂದರು. ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡಿರುವ ನಮ್ಮ ಭಾವ, ‘ಡೀಸೆಲ್ ಗಾಡಿಗೆ ಚೈನ್ ಇರುತ್ತದೆ, ಬೆಲ್ಟೇ ಇರುವುದಿಲ್ಲ’ ಎನ್ನುತ್ತಾರೆ. ಗಾಡಿ ಮಾರಿದವರು 60,000 ಕಿ.ಮೀ.ಗೆ ಬೆಲ್ಟ್ ಬದಲಿಸಿದ್ದೇವೆ ಎಂದಿದ್ದರು, ಬಿಲ್ ಕೊಟ್ಟಿಲ್ಲ. ಮುಂದಿನ ತಿಂಗಳು ತಾಯಿಯವರನ್ನು ಕರೆದುಕೊಂಡು ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವುದಿದೆ. ಬೆಲ್ಟ್ ಬದಲಿಸಲೇಬೇಕೇ? ಬರೀ ಬೆಲ್ಟ್ ಹಾಕಿಸಿದರೆ ಸಾಕೇ? ಇನ್ನೂ ಸ್ವಲ್ಪ ದಿನ ತಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಬೆಲ್ಟುಗಳ ಸಮಾಚಾರ ಬೆರೆತುಹೋಗಿದೆ. ಸಲಹೆ ಕೊಟ್ಟವರಲ್ಲೂ ಒಬ್ಬರು ಒಂದು ಬೆಲ್ಟಿನ ಬಗ್ಗೆ, ಇನ್ನೊಬ್ಬರು ಮತ್ತೊಂದರ ಬಗ್ಗೆ ಹೇಳಿದ್ದಾರೆ. ಅದನ್ನು ಬಿಡಿಸಿಟ್ಟರೆ ಅರ್ಧ ಗೊಂದಲ ತೀರುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಿವರಣೆಯ ಪ್ರಕಾರ ಕೂಗುತ್ತಿರುವುದು ಕವರಿನೊಳಗಿರುವ ಟೈಮಿಂಗ್ ಬೆಲ್ಟ್ ಅಲ್ಲ, ಹೊರಗಿನ ಬೆಲ್ಟ್. ಅದನ್ನು ಈ ವಾರವೇ ನೋಡಿಸಿ. ಟೈಮಿಂಗ್ ಬೆಲ್ಟನ್ನು ಘಟ್ಟ ಇಳಿಯುವ ಮೊದಲು ಬದಲಿಸಿ, ಅದು ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಸರಿ. ಕಾರಣಗಳನ್ನು ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ. ಗ್ಯಾರೇಜಿನಲ್ಲಿ ನಿಂತು ಏನು ಕೇಳಬೇಕು, ಯಾವ ಮಾತಿಗೆ ಒಪ್ಪಬಾರದು ಎನ್ನುವುದು ಆ ಕಾರಣಗಳಿಂದಲೇ ನಿಮಗೆ ತಿಳಿಯುತ್ತದೆ.

ಎಂಜಿನ್ನಿನ ಒಂದು ಬದಿಯಲ್ಲಿ, ಬಾನೆಟ್ ಎತ್ತಿ ಇಣುಕಿದರೆ ಕಾಣುವ ಉದ್ದುದ್ದ ಗೀರುಗಳ ಚಪ್ಪಟೆ ಬೆಲ್ಟ್ ಇದೆಯಲ್ಲ, ಅದು ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರನ್ನು ತಿರುಗಿಸುತ್ತದೆ. ಹಳಬರು ಇದನ್ನು ಈಗಲೂ ಫ್ಯಾನ್ ಬೆಲ್ಟ್ ಎಂದೇ ಕರೆಯುತ್ತಾರೆ. ಇದಕ್ಕೆ ಹಲ್ಲುಗಳಿಲ್ಲ. ಪುಲ್ಲಿಯ ಗೀರುಗಳಲ್ಲಿ ಕುಳಿತು ಹಿಡಿತದ ಬಲದಿಂದಲೇ ಓಡುತ್ತದೆ. ಹಿಡಿತ ತಪ್ಪಿ ಜಾರಿದಾಗ ಕೀರಲು ಸದ್ದು ಹುಟ್ಟುತ್ತದೆ.

ಬೆಳಿಗ್ಗೆ ಮಾತ್ರ ಯಾಕೆ? ರಾತ್ರಿಯ ತೇವ ಬೆಲ್ಟಿನ ಮೇಲೂ ಪುಲ್ಲಿಯ ಮೇಲೂ ತೆಳ್ಳಗೆ ಕುಳಿತಿರುತ್ತದೆ. ಅದೇ ಹೊತ್ತಿಗೆ ಆಲ್ಟರ್ನೇಟರಿನ ಹೊರೆಯೂ ಜಾಸ್ತಿ: ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಲು ಬ್ಯಾಟರಿ ಖರ್ಚು ಮಾಡಿದ್ದನ್ನು ಅದು ಮೊದಲ ಕೆಲವು ನಿಮಿಷಗಳಲ್ಲಿ ತುಂಬಿಕೊಡಬೇಕು. ಹೊರೆ ಹೆಚ್ಚು, ಹಿಡಿತ ಕಡಿಮೆ. ತೇವ ಆರಿ ಬ್ಯಾಟರಿ ತುಂಬಿಕೊಂಡ ಮೇಲೆ ಸದ್ದು ನಿಲ್ಲುತ್ತದೆ. ಬೆಲ್ಟ್ ಮತ್ತು ಅದನ್ನು ಬಿಗಿಹಿಡಿಯುವ ಟೆನ್ಷನರ್ ಎರಡೂ ಸರಿಯಿದ್ದರೆ ಮಲೆನಾಡಿನ ಮಳೆಯಲ್ಲೂ ಹೀಗೆ ದಿನಾ ಕೂಗುವುದಿಲ್ಲ. ಹಾಗಾಗಿ ‘ಮಳೆಗಾಲ ಅಲ್ಲವೇ, ಸಹಜ’ ಎಂದು ಬಿಟ್ಟುಬಿಡುವಂತಿಲ್ಲ.

ಸದ್ದು ಎಲ್ಲಿಂದ ಎಂದು ತಿಳಿಯಲು ಗ್ಯಾರೇಜಿನಲ್ಲಿ ಒಂದು ಸರಳ ಪರೀಕ್ಷೆ ಮಾಡಿಸಬಹುದು. ಎಂಜಿನ್ ಓಡುತ್ತಿರುವಾಗ, ಸದ್ದು ಬರುತ್ತಿರುವ ಹೊತ್ತಿನಲ್ಲೇ, ದೂರದಿಂದ ಸಿಂಪರಣೆ ಬಾಟಲಿಯಲ್ಲಿ ಬೆಲ್ಟಿನ ಗೀರುಗಳ ಬದಿಗೆ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಸದ್ದು ಇನ್ನೂ ಜೋರಾದರೆ ಬಿಗಿ ಸಾಲದು, ಟೆನ್ಷನರ್ ಸೋತಿದೆ ಅಥವಾ ಬೆಲ್ಟ್ ಸವೆದಿದೆ ಎಂದರ್ಥ. ಕ್ಷಣ ಕಾಲ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ನೀರಿಗೆ ಏನೂ ಬದಲಾಗದಿದ್ದರೆ ಯಾವುದಾದರೂ ಬೇರಿಂಗನ್ನು ಅನುಮಾನಿಸಬೇಕು. ಈ ಪರೀಕ್ಷೆಯನ್ನು ನೀವೇ ಮಾಡಲು ಹೋಗಬೇಡಿ. ತಿರುಗುವ ಬೆಲ್ಟಿನ ಹತ್ತಿರ ಅಂಗಿಯ ತೋಳು, ಪಂಚೆಯ ಅಂಚು, ಬೆರಳು ಯಾವುದೂ ಸುಳಿಯಬಾರದು.

ನೀವೇ ಮಾಡಬಹುದಾದದ್ದು ಬೇರೆ ಇದೆ. ಎಂಜಿನ್ ಆರಿಸಿ, ಕೀಲಿ ಜೇಬಿನಲ್ಲಿಟ್ಟುಕೊಂಡು, ಮೊಬೈಲಿನ ಬೆಳಕು ಬಿಟ್ಟು ಬೆಲ್ಟಿನ ಅಂಚನ್ನು ನೋಡಿ. ಅಂಚಿನಿಂದ ದಾರದ ಎಳೆ ಹೊರಬಂದಿದೆಯೇ? ಗೀರುಗಳ ನಡುವಿನ ಏಣಿನಲ್ಲಿ ಎಲ್ಲಾದರೂ ತುಂಡು ಕಿತ್ತುಹೋಗಿದೆಯೇ? ಮೈ ಗಾಜಿನ ಹಾಗೆ ಹೊಳೆಯುತ್ತಿದೆಯೇ? ಬಿರುಕು ಹುಡುಕುವುದು ಹಳೆಯ ಕಾಲದ ಅಳತೆ. ಈಗಿನ ಬೆಲ್ಟುಗಳನ್ನು ಬಹುತೇಕ ಇಪಿಡಿಎಂ ಎಂಬ ರಬ್ಬರಿನಿಂದ ಮಾಡುತ್ತಾರೆ. ಅದು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನಂತೆ ನಿಧಾನವಾಗಿ ಸವೆಯುತ್ತದೆ. ಸವೆದ ಬೆಲ್ಟ್ ಪುಲ್ಲಿಯ ಗೀರಿನ ತಳಕ್ಕೆ ಇಳಿದು ಕುಳಿತು ಜಾರತೊಡಗುತ್ತದೆ. ಸವಕಳಿ ಅಳೆಯಲು ಚಿಕ್ಕ ಪ್ಲಾಸ್ಟಿಕ್ ಅಳತೆಪಟ್ಟಿಯೇ ಸಿಗುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಅದಿಲ್ಲದಿದ್ದರೆ ಹೊಸ ಬೆಲ್ಟನ್ನು ಪಕ್ಕದಲ್ಲಿ ಹಿಡಿದು ಏಣಿನ ಎತ್ತರ ಹೋಲಿಸಲು ಹೇಳಿ. ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನು ಮೇಣದಬತ್ತಿ. ಕೆಲವೆಡೆ ಸಾಬೂನು, ಕೆಲವೆಡೆ ಪೌಡರ್, ಇನ್ನು ಕೆಲವೆಡೆ ಡಬ್ಬಿಯಲ್ಲಿ ಬರುವ ಅಂಟು ದ್ರಾವಣ. ಇವು ಸದ್ದನ್ನು ಅಡಗಿಸುತ್ತವೆಯೇ ಹೊರತು ಜಾರುವಿಕೆಯ ಕಾರಣವನ್ನು ಸರಿಪಡಿಸುವುದಿಲ್ಲ. ಮೇಣ ಧೂಳನ್ನು ಹಿಡಿದಿಟ್ಟು ಪುಲ್ಲಿಯ ಗೀರುಗಳಲ್ಲಿ ಗಟ್ಟಿಕಟ್ಟುತ್ತದೆ. ಹೊಸ ಬೆಲ್ಟ್ ಹಾಕುವ ಮುನ್ನ ಆ ಪುಲ್ಲಿಗಳನ್ನು ಚೆನ್ನಾಗಿ ಒರೆಸಿ ಸ್ವಚ್ಛ ಮಾಡದಿದ್ದರೆ ಹೊಸದೂ ಕೂಗುತ್ತದೆ. ಎಣ್ಣೆಯನ್ನಂತೂ ಯಾರೂ ತಾಗಿಸಬಾರದು, ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ.

ಈ ಬೆಲ್ಟ್ ತುಂಡಾದರೆ ಸಾಮಾನ್ಯವಾಗಿ ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ, ಎಸಿ ನಿಲ್ಲುತ್ತದೆ, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು ಎಂದು ಜನ ತಿಳಿದಿದ್ದಾರೆ. ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುವ ಗಾಡಿಗಳಲ್ಲಿ ಹಾಗೆ ಹೋದರೆ ಎಂಜಿನ್ ಕಾದು, ಅದರ ಮೇಲಿನ ಮುಚ್ಚಳದಂಥ ಭಾಗವಾದ ಹೆಡ್ ಸೊಟ್ಟಗಾಗುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಆ ತೊಂದರೆ ಇಲ್ಲ, ಅದಕ್ಕಿಂತ ದೊಡ್ಡದೊಂದಿದೆ. ನಿಮ್ಮದು 1,461 ಸಿಸಿಯ ಕೆ9ಕೆ ಎಂಜಿನ್. ಇದರಲ್ಲಿ ಕ್ರ್ಯಾಂಕ್ ಪುಲ್ಲಿಯ ಬೆನ್ನಿಗೇ ಟೈಮಿಂಗ್ ಕವರಿನ ಕೆಳತುದಿ ಇದೆ. ಹೊರಗಿನ ಬೆಲ್ಟ್ ಸೀಳಿ ದಾರ ಬಿಚ್ಚಿಕೊಂಡಾಗ ಆ ಎಳೆಗಳು ಪುಲ್ಲಿಯ ಹಿಂದಿನ ಸಂದಿಯಿಂದ ಕವರಿನೊಳಗೆ ಎಳೆದುಕೊಂಡು ಹೋಗಿ, ಟೈಮಿಂಗ್ ಬೆಲ್ಟಿಗೂ ಅದರ ಹಲ್ಲಿನ ಗಾಲಿಗೂ ನಡುವೆ ಸಿಕ್ಕಿಕೊಳ್ಳುವುದುಂಟು. ಆಗ ಒಳಗಿನ ಬೆಲ್ಟ್ ಹೊಸದಾಗಿದ್ದರೂ ಹಲ್ಲು ಹಾರಿಸುತ್ತದೆ ಅಥವಾ ಕಳಚಿಬೀಳುತ್ತದೆ. ಅಗ್ಗದ ಹೊರಬೆಲ್ಟ್ ದುಬಾರಿ ಎಂಜಿನ್ನನ್ನು ಬಲಿ ತೆಗೆದುಕೊಳ್ಳುವುದು ಹೀಗೆ. ಡಸ್ಟರ್, ನಿಸಾನ್ ಟೆರಾನೋ, ಸನ್ನಿ ಡೀಸೆಲ್, ಮಹೀಂದ್ರಾ ವೆರಿಟೋ ಡೀಸೆಲ್ ಇಟ್ಟುಕೊಂಡವರೆಲ್ಲ ಇದನ್ನು ತಿಳಿದಿರಬೇಕು, ಇವೆಲ್ಲ ಒಂದೇ ಎಂಜಿನ್ ಕುಟುಂಬ. ಅಂಚಿನಲ್ಲಿ ಒಂದು ಎಳೆ ಕಂಡರೂ ಗಾಡಿಯನ್ನು ಓಡಿಸಿಕೊಂಡು ತಿರುಗಬೇಡಿ.

ಈಗ ಒಳಗಿನ ಬೆಲ್ಟಿಗೆ ಬರೋಣ.

ಟೈಮಿಂಗ್ ಬೆಲ್ಟಿಗೆ ಹಲ್ಲುಗಳಿವೆ. ಅದು ಜಾರುವುದಿಲ್ಲ, ಆದ್ದರಿಂದ ಕೂಗುವುದೂ ಇಲ್ಲ. ಪಿಸ್ಟನ್ನುಗಳಿಗೆ ಜೋಡಿಸಿದ ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ, ಗಾಳಿ-ಹೊಗೆಯ ಬಾಗಿಲುಗಳಾದ ವಾಲ್ವುಗಳನ್ನು ತೆರೆಯುವ ಮೇಲಿನ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದು ಅದೊಂದೇ ಬೆಲ್ಟ್. ಎಂಜಿನ್ 2,000 ಆರ್‌ಪಿಎಂನಲ್ಲಿ ಓಡುವಾಗ ನಿಮ್ಮ ಎಂಟು ವಾಲ್ವುಗಳಲ್ಲಿ ಪ್ರತಿಯೊಂದೂ ಸೆಕೆಂಡಿಗೆ ಹದಿನಾರು ಹದಿನೇಳು ಸಲ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವುದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಜಾಗ. ಬೆಲ್ಟ್ ಕಡಿದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಓಟದ ರಭಸದಲ್ಲಿ ತಿರುಗುತ್ತಲೇ ಇರುತ್ತದೆ. ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಅದನ್ನು ಹಿಡಿದಿರುವ ಗೈಡ್ ಒಡೆಯುತ್ತದೆ, ಕೆಲವೊಮ್ಮೆ ಪಿಸ್ಟನ್ನಿಗೇ ಗಾಯವಾಗುತ್ತದೆ. ಹೆಡ್ ಇಳಿಸದೆ ರಿಪೇರಿ ಇಲ್ಲ.

‘ಬೆಲ್ಟ್ ಕಡಿದರೆ ಹೊಸದು ಹಾಕಿಕೊಂಡು ಹೊರಟರಾಯಿತು’ ಎಂಬ ಮಾತನ್ನು ಹಿರಿಯ ಮೆಕ್ಯಾನಿಕ್‌ಗಳಿಂದ ನೀವು ಕೇಳಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಪಿಸ್ಟನ್ ಮತ್ತು ವಾಲ್ವ್ ಒಂದಕ್ಕೊಂದು ತಾಗದಷ್ಟು ಜಾಗ ಬಿಟ್ಟು ಕಟ್ಟಿದ ಹಳೆಯ ಪೆಟ್ರೋಲ್ ಎಂಜಿನ್‌ಗಳು ಕೆಲವು ಇದ್ದವು, ಅವುಗಳಲ್ಲಿ ಹಾಗೆ ನಡೆಯುತ್ತಿತ್ತು. ಆ ಅನುಭವವನ್ನು ಡೀಸೆಲ್ ಎಂಜಿನ್ನಿಗೆ ತಂದರೆ ಅನಾಹುತ.

ನಿಮ್ಮ ಭಾವನವರ ಮಾತೂ ಅವರ ಗಾಡಿಯ ಮಟ್ಟಿಗೆ ಸರಿ. ಸ್ವಿಫ್ಟ್ ಡೀಸೆಲ್ಲಿನಲ್ಲಿರುವ ಫಿಯಟ್ ಮೂಲದ 1.3 ಲೀಟರ್ ಎಂಜಿನ್ನಿಗೆ ಚೈನ್ ಇದೆ. ಬೆಲ್ಟೋ ಚೈನೋ ಎನ್ನುವುದನ್ನು ಪೆಟ್ರೋಲ್, ಡೀಸೆಲ್ ಎಂಬ ಭೇದದಿಂದ ಹೇಳಲಾಗುವುದಿಲ್ಲ. ಹಳೆಯ 2.5 ಲೀಟರ್ ಇನ್ನೋವಾ ಡೀಸೆಲ್ಲಿಗೆ ಬೆಲ್ಟ್, ಆಮೇಲಿನ ಕ್ರಿಸ್ಟಾ 2.4ಕ್ಕೆ ಚೈನ್. ಸ್ಯಾಂಟ್ರೋ ಜಿಂಗ್ ಪೆಟ್ರೋಲಿಗೆ ಬೆಲ್ಟ್, ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಿಗೆ ಚೈನ್. ಒಂದೇ ಹೆಸರಿನ ಗಾಡಿಯಲ್ಲೂ ಎಂಜಿನ್ ಬದಲಾದಂತೆ ಇದು ಬದಲಾಗುತ್ತದೆ. ಆದ್ದರಿಂದ ಎಂಜಿನ್ ಯಾವುದು ಎಂದು ನೋಡಬೇಕು.

ಮೂರನೆಯವರ ಮಾತೇ ಎಲ್ಲಕ್ಕಿಂತ ನಂಬುವಂತಿದೆ, ಹಾಗಾಗಿ ಅದರ ಬಗ್ಗೆ ಕೊಂಚ ನಿಲ್ಲಬೇಕು. ಕವರ್ ತೆಗೆದು ನೋಡಿದರು, ಬಿರುಕಿಲ್ಲ, ಬೆಲ್ಟ್ ಕಪ್ಪಗೆ ನಯವಾಗಿದೆ. ಅವರು ಕಂಡದ್ದು ನಿಜವೇ. ಆದರೆ ಮೇಲಿನ ಕವರ್ ತೆಗೆದಾಗ ಕಾಣುವುದು ಬೆಲ್ಟಿನ ಬೆನ್ನು, ಅದೂ ಒಂದು ಗೇಣಿನಷ್ಟು. ಭಾರ ಹೊರುವುದು ಬೆನ್ನಲ್ಲ. ರಬ್ಬರಿನ ಒಳಗೆ ಉದ್ದಕ್ಕೂ ಹಾಸಿರುವ ಗಾಜಿನ ನಾರಿನ ಹುರಿಗಳು ಆ ಕೆಲಸ ಮಾಡುತ್ತವೆ. ಪ್ರತಿ ಸುತ್ತಿನಲ್ಲೂ ಅವು ಪುಲ್ಲಿಗಳ ಮೇಲೆ ಬಾಗಿ ನೆಟ್ಟಗಾಗುತ್ತವೆ, ಕೋಟ್ಯಂತರ ಸಲ. ಎಳೆಗಳು ಒಳಗೇ ಒಂದೊಂದಾಗಿ ಕಡಿಯುತ್ತ ಹೋಗುತ್ತವೆ. ಹೊರಗಿನ ರಬ್ಬರ್ ಅದನ್ನು ಕೊನೆಯ ದಿನದವರೆಗೂ ಮುಚ್ಚಿಡುತ್ತದೆ. ಇನ್ನೊಂದು ದುರ್ಬಲ ಜಾಗ ಹಲ್ಲಿನ ಬುಡ. ಅದನ್ನು ನೋಡಬೇಕಾದರೆ ಬೆಲ್ಟನ್ನು ಹೊರತೆಗೆದು ಹಿಂದಕ್ಕೆ ಮಡಿಸಬೇಕು, ಹಾಗೆ ಮಡಿಸಿದರೆ ನಾರು ಮುರಿಯುತ್ತದೆ. ಅಂದರೆ ಪರೀಕ್ಷೆಯೇ ಬೆಲ್ಟನ್ನು ಕೊಲ್ಲುತ್ತದೆ.

ಕವರ್ ತೆಗೆದು ನೋಡುವುದು ಪೂರ್ತಿ ವ್ಯರ್ಥ ಎನ್ನುತ್ತಿಲ್ಲ. ಕೆಟ್ಟ ಸುದ್ದಿ ಇದ್ದರೆ ಅದು ಕಾಣುತ್ತದೆ: ಎಣ್ಣೆಯ ಪಸೆ, ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಒಣಗಿದ ಬಿಳಿ ಅಥವಾ ಬಣ್ಣದ ಕಲೆ, ಅಂಚು ತಿಂದುಹೋಗಿರುವುದು, ಕವರಿನೊಳಗೆ ಕಪ್ಪು ರಬ್ಬರ್ ಪುಡಿ. ಇವುಗಳಲ್ಲಿ ಒಂದು ಕಂಡರೂ ಕಿಲೋಮೀಟರ್ ಲೆಕ್ಕ ಹಾಕುತ್ತ ಕೂರದೆ ಬದಲಿಸಬೇಕು, ಸೋರಿಕೆಯ ಮೂಲವನ್ನೂ ಮುಚ್ಚಬೇಕು. ಆದರೆ ಇವ್ಯಾವುದೂ ಕಾಣಲಿಲ್ಲ ಎಂದ ಮಾತ್ರಕ್ಕೆ ಬೆಲ್ಟ್ ಗಟ್ಟಿಯಾಗಿದೆ ಎಂದಲ್ಲ. ‘ನೋಡಿದೆ, ಕೆಟ್ಟಿದೆ’ ಎಂಬ ತೀರ್ಪನ್ನು ನಂಬಬಹುದು. ‘ನೋಡಿದೆ, ಚೆನ್ನಾಗಿದೆ’ ಎಂಬುದನ್ನು ನಂಬಲಾಗದು.

ಹಾಗಾದರೆ ಬದಲಿಸುವ ಹೊತ್ತು ಯಾವಾಗ? ದಾಖಲೆ ಮತ್ತು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಕು. ಎಂಜಿನ್ನಿಗೆ ತಕ್ಕಂತೆ ಕಂಪನಿಗಳು 60,000ದಿಂದ 1,50,000 ಕಿ.ಮೀ.ವರೆಗೆ ಬೇರೆ ಬೇರೆ ಮಿತಿ ಇಟ್ಟಿವೆ. ಅದರ ಜೊತೆಗೇ ಸಾಮಾನ್ಯವಾಗಿ ಇಷ್ಟು ವರ್ಷ ಎಂಬ ಮಿತಿಯೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು ಲೆಕ್ಕಕ್ಕೆ. ನಮ್ಮಲ್ಲಿ ಕಿಲೋಮೀಟರ್ ಮಾತ್ರ ನೋಡುತ್ತಾರೆ, ವರ್ಷವನ್ನು ಮರೆತುಬಿಡುತ್ತಾರೆ. ರಬ್ಬರ್ ನಿಂತಲ್ಲೂ ಗಟ್ಟಿಯಾಗುತ್ತದೆ, ಬೇರಿಂಗಿನೊಳಗಿನ ಗ್ರೀಸ್ ನಿಂತಲ್ಲೂ ಒಣಗುತ್ತದೆ. ನಿಮ್ಮ ಗಾಡಿಯ ಷಾಸಿ ಸಂಖ್ಯೆ ಕೊಟ್ಟು ಅಧಿಕೃತ ಸೇವಾ ಕೇಂದ್ರದಲ್ಲಿ ಎರಡು ವಿಷಯ ಕೇಳಿ: ಈ ಗಾಡಿಗೆ ಅನ್ವಯಿಸುವ ಮಿತಿ ಎಷ್ಟು, ಮತ್ತು ಈ ಗಾಡಿಗೆ ಬೆಲ್ಟ್ ಬದಲಿಸಿದ ದಾಖಲೆ ಇದೆಯೇ. ಮಾರಿದವರು ಅಧಿಕೃತ ಕೇಂದ್ರದಲ್ಲಿ ಮಾಡಿಸಿದ್ದರೆ ಕಂಪ್ಯೂಟರಿನಲ್ಲಿ ಸಿಗಬೇಕು. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ್ದರೆ ಆ ಗ್ಯಾರೇಜಿನ ಹೆಸರನ್ನಾದರೂ ಕೇಳಿ ಫೋನ್ ಮಾಡಿ ವಿಚಾರಿಸಿ. ಎರಡೂ ಕಡೆ ಏನೂ ಸಿಗದಿದ್ದರೆ, ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿಯಿರಿ. ಮಾರಿದವರನ್ನು ಅನುಮಾನಿಸಿ ಹೀಗೆ ಹೇಳುತ್ತಿಲ್ಲ. ಅವರು ಬದಲಿಸಿದ್ದು ಹೊರಗಿನ ಬೆಲ್ಟನ್ನೇ ಇರಬಹುದು. ‘ಬೆಲ್ಟ್ ಹಾಕಿಸಿದ್ದೇನೆ’ ಎನ್ನುವವರಲ್ಲಿ ಯಾವ ಬೆಲ್ಟ್ ಎಂದು ತಿಳಿದವರು ಕಡಿಮೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಇದೆ. ಗಾಡಿ ಬಹುಕಾಲ ಓಡಿದ್ದು ಬೆಂಗಳೂರಿನಲ್ಲಿ. ಸರಾಸರಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡಿದ್ದರೆ 94,000 ಕಿ.ಮೀ.ಗೆ ಎಂಜಿನ್ 1,880 ಗಂಟೆ ತಿರುಗಿರುತ್ತದೆ. ಸರಾಸರಿ 20 ಕಿ.ಮೀ. ಆದರೆ 4,700 ಗಂಟೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಗಾಡಿಯ ಮೀಟರ್ ಓಡುವುದಿಲ್ಲ, ಬೆಲ್ಟ್ ಓಡುತ್ತಲೇ ಇರುತ್ತದೆ, ಅದೂ ಗಾಳಿಯಾಡದ ಬಿಸಿ ಬಾನೆಟ್ಟಿನೊಳಗೆ. ನಗರದ ಗಾಡಿಗೆ ಕಂಪನಿಯ ಮಿತಿಯ ಕೊನೆಯ ಅಂಚಿನವರೆಗೆ ಕಾಯುವುದು ಒಳ್ಳೆಯದಲ್ಲ ಎನ್ನುವುದು ಇದೇ ಕಾರಣಕ್ಕೆ. ಹಳೆಯ ಗಾಡಿಯ ಮೀಟರ್ ತೋರಿಸುವ ಅಂಕಿಯೇ ನಿಜವೇ ಎಂಬ ಪ್ರಶ್ನೆ ಬೇರೆ. ಹತ್ತು ವರ್ಷ ತುಂಬಿದ ಗಾಡಿ, ಬಿಲ್ ಇಲ್ಲದ ಬೆಲ್ಟ್, ನಗರದ ಓಟ. ಈ ಮೂರು ಒಟ್ಟಿಗಿದ್ದಾಗ ನಾನು ಕಾಯಲು ಹೇಳುವುದಿಲ್ಲ.

ಬದಲಿಸದೆ ತಳ್ಳಿದರೆ ಏನಾದೀತು ಎಂಬುದನ್ನೂ ಹೇಳಬೇಕು. ಬೆಲ್ಟ್ ಇನ್ನೂ ಇಪ್ಪತ್ತು ಸಾವಿರ ಕಿ.ಮೀ. ಬಂದರೂ ಬರಬಹುದು, ನಾಳೆಯೇ ಹೋದರೂ ಹೋಗಬಹುದು. ಹೋದರೆ ಎಂಜಿನ್ ಓಡುತ್ತಿರುವಾಗಲೇ ನಿಲ್ಲುತ್ತದೆ. ದೇವಿಮನೆ ಘಟ್ಟದ ಇಳಿಜಾರಿನ ತಿರುವಿನಲ್ಲಿ ಹಾಗಾದರೆ ಮೊದಲ ಸಮಸ್ಯೆ ಹಣದ್ದಲ್ಲ. ಬ್ರೇಕ್ ಪೆಡಲ್ ಹಗುರವಾಗಿರುವುದು ನಿರ್ವಾತದ ನೆರವಿನಿಂದ. ನಿಮ್ಮ ಎಂಜಿನ್ನಿನಲ್ಲಿ ನಿರ್ವಾತ ಪಂಪನ್ನು ತಿರುಗಿಸುವುದು ಕ್ಯಾಮ್ ಶಾಫ್ಟ್. ಕ್ಯಾಮ್ ನಿಂತರೆ, ಬ್ರೇಕಿಗೆ ನೆರವಾಗುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಬಾರಿ ಒತ್ತಲು ಸಾಕು, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟಿಯರಿಂಗೂ ಭಾರವಾಗುತ್ತದೆ. ಬ್ರೇಕ್ ಸತ್ತುಹೋಗುವುದಿಲ್ಲ, ಎರಡೂ ಕಾಲಿನ ಬಲ ಹಾಕಿ ಒತ್ತಿದರೆ ಗಾಡಿ ನಿಲ್ಲುತ್ತದೆ. ಆದರೆ ಇದನ್ನು ಮೊದಲೇ ತಿಳಿಯದ ಚಾಲಕ ಆ ಕ್ಷಣದಲ್ಲಿ ಕಂಗೆಡುತ್ತಾನೆ. ಹಾಗೆ ಎಂದಾದರೂ ಆದರೆ ಪೆಡಲನ್ನು ಬಿಟ್ಟು ಬಿಟ್ಟು ಒತ್ತಬೇಡಿ. ಒಮ್ಮೆಗೇ ಒತ್ತಿಹಿಡಿದು, ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸದೆ, ಬದಿಗೆ ತನ್ನಿ.

ಬದಿಗೆ ತಂದ ಮೇಲೆ ಜನ ಮಾಡುವ ಮೊದಲ ಕೆಲಸ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು. ಒಮ್ಮೆ ಹೊಡೆದಾಗ ಎಂಜಿನ್ ಎಂದಿನ ತಡೆಯಿಲ್ಲದೆ ಹಗುರವಾಗಿ, ವೇಗವಾಗಿ ಗಿರ್ರೆಂದು ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಅದು ಬೆಲ್ಟ್ ಹೋಗಿರುವ ಲಕ್ಷಣ. ಆಮೇಲೆ ಹೊಡೆಯುವ ಪ್ರತಿ ಸೆಲ್ಫ್ ಬಾಗಿದ ವಾಲ್ವುಗಳ ಮೇಲೆ ಇನ್ನೊಂದು ಪೆಟ್ಟು. ತಳ್ಳಿ ಸ್ಟಾರ್ಟ್ ಮಾಡುವುದು ಇನ್ನೂ ಕೆಟ್ಟದ್ದು. ಟೋ ಮಾಡಿಸಿ ಗ್ಯಾರೇಜಿಗೆ ಒಯ್ಯಿರಿ. ವಿಮೆಯಿಂದ ಇದಕ್ಕೆ ಹಣ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ. ಸಾಮಾನ್ಯ ವಾಹನ ವಿಮೆಯಲ್ಲಿ ಸವೆತ ಮತ್ತು ಯಾಂತ್ರಿಕ ವೈಫಲ್ಯವನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ.

ಬರೀ ಬೆಲ್ಟ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬೆಲ್ಟ್ ತಾನಾಗಿ ಕಡಿಯುವುದಷ್ಟೇ ಅಲ್ಲ, ಅದರ ದಾರಿಯಲ್ಲಿರುವ ಟೆನ್ಷನರ್ ಬೇರಿಂಗ್ ಅಥವಾ ವಾಟರ್ ಪಂಪ್ ತಿರುಗದೆ ಹಿಡಿದುಕೊಂಡು ಬೆಲ್ಟನ್ನು ಕಡಿಸುವುದೂ ಉಂಟು. ನಿಮ್ಮ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಪಂಪ್ ಸೋರಿದರೆ ಕೂಲೆಂಟ್ ನೇರ ಬೆಲ್ಟಿನ ಮೇಲೆ ಬೀಳುತ್ತದೆ. ಅಲ್ಲಿಗೆ ತಲುಪುವ ಕೂಲಿಯೇ ದೊಡ್ಡ ಖರ್ಚು. ಒಮ್ಮೆ ಬಿಚ್ಚಿದ ಮೇಲೆ ಹತ್ತು ವರ್ಷದ ಪಂಪನ್ನು ಹಾಗೇ ಬಿಟ್ಟು ಮುಚ್ಚುವುದು ಉಳಿತಾಯವಲ್ಲ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಸೇರಿದ ಕಿಟ್ ಸಿಗುತ್ತದೆ. ಅದರ ಜೊತೆ ಹೊರಗಿನ ಬೆಲ್ಟ್ ಮತ್ತು ಅದರ ಟೆನ್ಷನರ್, ಕ್ರ್ಯಾಂಕ್ ಪುಲ್ಲಿಯ ಹೊಸ ಬೋಲ್ಟ್, ಹೊಸ ಕೂಲೆಂಟ್. ಆ ಬೋಲ್ಟ್ ಬಿಗಿಯುವಾಗ ಹಿಗ್ಗುವಂಥದ್ದು, ಎರಡನೇ ಸಲ ಬಳಸಬಾರದು. ಖರ್ಚು ಊರಿನಿಂದ ಊರಿಗೆ ಬದಲಾಗುವುದರಿಂದ ಎರಡು ಕಡೆ ಲಿಖಿತ ಅಂದಾಜು ಪಡೆಯಿರಿ. ಎಷ್ಟೇ ಆದರೂ ಹೆಡ್ ಇಳಿಸಿ ವಾಲ್ವ್ ಹಾಕಿಸುವ ಖರ್ಚಿನ ಸಣ್ಣ ಪಾಲು ಅದು.

ಕೈ ತೀರಾ ಬಿಗಿಯಾಗಿದ್ದರೆ ಒಂದು ದಾರಿ ಇದೆ: ಈಗ ಹೊರಗಿನ ಬೆಲ್ಟ್ ಮತ್ತು ಟೆನ್ಷನರ್ ಮಾತ್ರ ಮಾಡಿಸಿ, ಟೈಮಿಂಗ್ ಕಿಟ್ ಹಾಕುವವರೆಗೆ ಗಾಡಿಯನ್ನು ಊರೊಳಗಿನ ಅಗತ್ಯಕ್ಕೆ ಮಾತ್ರ ಬಳಸುವುದು, ಗೋಕರ್ಣಕ್ಕೆ ಬಸ್ಸಿನಲ್ಲೋ ಬೇರೆ ಗಾಡಿಯಲ್ಲೋ ಹೋಗುವುದು. ಎಂಜಿನ್ನಿಗೆ ಅಪಾಯ ಇದರಿಂದ ತಪ್ಪುವುದಿಲ್ಲ, ಮನುಷ್ಯರಿಗೆ ಕಡಿಮೆಯಾಗುತ್ತದೆ. ಟೆನ್ಷನರ್ ಬಿಟ್ಟು ಬೆಲ್ಟ್ ಮಾತ್ರ ಹಾಕಿಸುವ ಅರ್ಧ ಕೆಲಸಕ್ಕಿಂತ ಇದೇ ಮೇಲು.

ಬದಲಿಸುವುದರಲ್ಲೂ ಅಪಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಚೆನ್ನಾಗಿದ್ದ ಎಂಜಿನ್ ಬೆಲ್ಟ್ ಹಾಕಿಸಿದ ಮರುದಿನವೇ ಹಾಳಾಗಿ ಬರುವುದನ್ನು ನನ್ನ ವೃತ್ತಿಯಲ್ಲಿ ನೋಡಿದ್ದೇನೆ. ಕಾರಣ ಕೆಲಸ ಮಾಡಿದ ರೀತಿ. ಹಳೆಯ ಬೆಲ್ಟ್ ಮತ್ತು ಗಾಲಿಗಳ ಮೇಲೆ ವೈಟ್ನರ್ ಗುರುತು ಹಾಕಿ, ಹೊಸದನ್ನು ಆ ಗುರುತಿಗೆ ಹೊಂದಿಸುವುದು ನಮ್ಮ ಗ್ಯಾರೇಜುಗಳಲ್ಲಿ ರೂಢಿ. ಈ ಎಂಜಿನ್ನಿಗೆ ಅದು ಸಲ್ಲದು. ಕ್ಯಾಮ್ ಗಾಲಿಯ ತೂತಿನ ಮೂಲಕ ಹೆಡ್ಡಿಗೆ ಒಂದು ಪಿನ್ನು, ಬ್ಲಾಕಿನ ಪಕ್ಕದ ತೂತಿನಿಂದ ಕ್ರ್ಯಾಂಕಿಗೆ ತಾಗಿ ನಿಲ್ಲುವ ಇನ್ನೊಂದು ಪಿನ್ನು, ಹೀಗೆ ಎರಡನ್ನೂ ಲಾಕ್ ಮಾಡಿದ ಮೇಲೆಯೇ ಬೆಲ್ಟ್ ಕಳಚಬೇಕು. ಕೆಲಸ ಒಪ್ಪಿಸುವ ಮುನ್ನ ‘ಲಾಕಿಂಗ್ ಪಿನ್ ಇದೆಯೇ, ತೋರಿಸಿ’ ಎಂದು ಕೇಳಿ. ಇಲ್ಲವೆಂದರೆ ನಮಸ್ಕಾರ ಹೇಳಿ ಬೇರೆ ಗ್ಯಾರೇಜ್ ಹುಡುಕಿ. ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿವರೆಗೆ ಹೋದರೂ ನಷ್ಟವಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಬೇಕು, ಆದ್ದರಿಂದ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬನ್ನಿ. ಹೊಸ ಬೆಲ್ಟನ್ನು ಮಡಿಸುವುದು, ತಿರುಚುವುದು, ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸುವುದು ಕಂಡರೆ ಅಲ್ಲೇ ತಡೆಯಿರಿ, ಒಳಗಿನ ನಾರು ಹಾಕುವಾಗಲೇ ಮುರಿಯುತ್ತದೆ. ಟೆನ್ಷನರಿನ ಮೇಲಿರುವ ಸೂಚಕ ಗುರುತಿಗೆ ಬರುವಂತೆ ಬಿಗಿ ಹೊಂದಿಸಬೇಕು, ಬೆರಳಿನಿಂದ ಒತ್ತಿ ಅಂದಾಜು ಮಾಡುವಂತಿಲ್ಲ. ಕ್ರ್ಯಾಂಕ್ ಬೋಲ್ಟನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ, ಹೇಳಿದ ಬಿಗಿತಕ್ಕೆ ತಂದು ಆಮೇಲೆ ಹೇಳಿದ ಕೋನಕ್ಕೆ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಕೊನೆಯದು: ಎರಡೂ ಪಿನ್ನುಗಳನ್ನು ತೆಗೆದು, ದೊಡ್ಡ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಅದು ವಾಲ್ವ್ ತಾಗುತ್ತಿರುವ ಸೂಚನೆ. ಎರಡು ಸುತ್ತಿನ ನಂತರ ಪಿನ್ನುಗಳು ತಮ್ಮ ತೂತುಗಳಿಗೆ ಸಲೀಸಾಗಿ ಮತ್ತೆ ಇಳಿಯಬೇಕು. ಇಳಿದರೆ ಟೈಮಿಂಗ್ ಸರಿ. ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಮೊದಲಿಂದ. ಕೀಲಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವುದು ಇಷ್ಟೆಲ್ಲ ಆದ ಮೇಲೆ. ಈ ಹೆಜ್ಜೆಯ ಹೊತ್ತಿಗೆ ನೀವು ಪಕ್ಕದಲ್ಲಿ ನಿಂತಿರಿ. ಒಳ್ಳೆಯ ಮೆಕ್ಯಾನಿಕ್ ಇದನ್ನು ತಪ್ಪು ತಿಳಿಯುವುದಿಲ್ಲ.

ಬಿಡಿಭಾಗಗಳಲ್ಲಿ ನಕಲಿ ಹಾವಳಿ ನಮ್ಮಲ್ಲಿ ಚೆನ್ನಾಗಿಯೇ ಇದೆ. ಗಾಡಿಯ ಕಂಪನಿಯ ಕಿಟ್ ಆಗಲಿ, ಗೇಟ್ಸ್, ಕಾಂಟಿಟೆಕ್, ಡೇಕೊ, ಎಸ್‌ಕೆಎಫ್‌ನಂಥ ಹೆಸರಿನ ಕಿಟ್ ಆಗಲಿ, ಬಿಲ್ ಕೊಡುವ ಅಂಗಡಿಯಲ್ಲಿ, ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ಕೊಳ್ಳಿ. ಬೆಲ್ಟಿನ ಬೆನ್ನಿನ ಮೇಲಿನ ಅಕ್ಷರ, ಪೆಟ್ಟಿಗೆಯ ಮೇಲಿನ ಸಂಖ್ಯೆ ಎರಡೂ ತಾಳೆಯಾಗಬೇಕು. ಗೂಟಕ್ಕೆ ನೇತುಹಾಕಿದ, ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿಟ್ಟ ಬೆಲ್ಟ್ ಬೇಡ.

ಕೆಲಸ ಮುಗಿದ ಮೇಲೆ ಹಳೆಯ ಬೆಲ್ಟ್, ಟೆನ್ಷನರ್, ಪಂಪ್ ಎಲ್ಲವನ್ನೂ ಕೇಳಿ ತೆಗೆದುಕೊಳ್ಳಿ. ಟೆನ್ಷನರಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿ: ಗರಗರ ಎಂದರೆ, ಅಥವಾ ಗ್ರೀಸಿನ ತಡೆಯೇ ಇಲ್ಲದೆ ಬಹಳ ಹೊತ್ತು ಸುಮ್ಮನೆ ತಿರುಗುತ್ತಲೇ ಇದ್ದರೆ ಅದರ ಕಾಲ ಮುಗಿದಿತ್ತು. ಬಿಲ್ಲಿನಲ್ಲಿ ‘ಟೈಮಿಂಗ್ ಬೆಲ್ಟ್ ಕಿಟ್’ ಎಂದೇ ಬರೆಸಿ, ದಿನಾಂಕ ಮತ್ತು ಕಿ.ಮೀ. ಬರೆದ ಚೀಟಿಯೊಂದನ್ನು ಬಾನೆಟ್ಟಿನೊಳಗೆ ಅಂಟಿಸಿ. ಮುಂದೆ ನೀವು ಗಾಡಿ ಮಾರಿದರೆ ಕೊಳ್ಳುವವರು ನಿಮ್ಮ ಹಾಗೆ ಪರದಾಡುವುದು ತಪ್ಪುತ್ತದೆ.

ಮೊದಲ 500 ಕಿ.ಮೀ. ಒಳಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಮಟ್ಟವನ್ನು ಒಂದೆರಡು ಸಲ ನೋಡಿ. ಒಳಗೆ ಉಳಿದ ಗಾಳಿ ಹೊರಬಂದು ಮಟ್ಟ ಕೊಂಚ ಇಳಿಯುವುದು ಸಹಜ, ತುಂಬಿಸಿದರಾಯಿತು. ತುಂಬಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಹೊಸ ಪಂಪಿನ ಜೋಡಣೆ ಸೋರುತ್ತಿದೆ, ಗಾಡಿಯನ್ನು ಅದೇ ಗ್ಯಾರೇಜಿಗೆ ಹಿಂದಿರುಗಿಸಿ. ಎರಡು ಸಲ ನೋಡಿಯೂ ಮಟ್ಟ ನಿಂತಿದ್ದರೆ ಘಟ್ಟ ಇಳಿಯಬಹುದು.